ಉಕ್ಕಿನಡ್ಕದ ಕಟ್ಟಡ, ಕುಡ್ಲದ ದಾರಿ

ಕಾಸರಗೋಡಿನಿಂದ ಮಂಗಳೂರಿಗೆ ಬೆಳಿಗ್ಗೆ ಹೋಗುವ ರೈಲಿನಲ್ಲಿ ಒಮ್ಮೆ ಕೂತು ನೋಡಿ. ಕಾಲೇಜಿಗೆ ಹೋಗುವ ಮಕ್ಕಳಿರುತ್ತಾರೆ, ಅಂಗಡಿ ಕೆಲಸಕ್ಕೆ ಹೋಗುವವರಿರುತ್ತಾರೆ. ಅವರ ನಡುವೆ ಮಡಿಲಲ್ಲಿ ಉದ್ದನೆಯ ಎಕ್ಸ್‌ರೇ ಕವರ್ ಇಟ್ಟುಕೊಂಡವರೂ ಇರುತ್ತಾರೆ. ಮಡಚಿ ಹೋಗಬಾರದು ಅಂತ ಕವರನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಾರೆ. ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಇನ್ನೂ ನಾಲ್ಕು ಕವರ್ ಹತ್ತುತ್ತವೆ. ನೇತ್ರಾವತಿ ಸೇತುವೆ ದಾಟಿ ಸೆಂಟ್ರಲ್ ಸ್ಟೇಷನ್‌ನಲ್ಲಿ ಇಳಿದರೆ ವೆನ್ಲಾಕ್ ಆಸ್ಪತ್ರೆಗೆ ನಡೆದುಕೊಂಡೇ ಹೋಗಬಹುದು.

ಕಾಸರಗೋಡು ಜಿಲ್ಲೆಯ ದೊಡ್ಡಾಸ್ಪತ್ರೆ ಯಾವುದು ಅಂತ ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ಬರುವುದು ಗಡಿಯಾಚೆಯ ಹೆಸರೇ. 'ಕುಡ್ಲಕ್ಕೆ ಕೊಂಡೋಗಿ', ಅಂದರೆ ಮಂಗಳೂರಿಗೆ ಕರೆದುಕೊಂಡು ಹೋಗಿ, ಅನ್ನುವ ಮಾತನ್ನು ಇಲ್ಲಿನ ಪ್ರತಿ ಮನೆಯೂ ಒಂದಲ್ಲ ಒಂದು ರಾತ್ರಿ ಕೇಳಿದೆ.

ಈಗ ಈ ಮಾತು ಯಾಕೆ ಅಂದರೆ, ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2025ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 50 ಎಂಬಿಬಿಎಸ್ ಸೀಟು ಕೊಟ್ಟಿತು. ವಯನಾಡಿಗೂ ಅದೇ ಹೊತ್ತಿಗೆ 50 ಸೀಟು ಸಿಕ್ಕಿತು. ಉಕ್ಕಿನಡ್ಕದಲ್ಲಿ ಶಿಲಾನ್ಯಾಸ ಆಗಿದ್ದು 2013ರ ನವೆಂಬರ್ 30ರಂದು. ಆಗ ಉಮ್ಮನ್ ಚಾಂಡಿ ಮುಖ್ಯಮಂತ್ರಿ. ಶಿಲಾನ್ಯಾಸದ ದಿನ ಹುಟ್ಟಿದ ಮಗುವಿಗೆ ಸೀಟು ಬರುವ ಹೊತ್ತಿಗೆ ಹನ್ನೆರಡು ತುಂಬುತ್ತಾ ಬಂದಿತ್ತು. ಸೀಟು ಬಂದಿತಲ್ಲ, ಇನ್ನೇನು ಬೇಕು ಅಂತ ಕೇಳುವವರಿದ್ದಾರೆ. ಸೀಟು ಬೇರೆ, ಆಸ್ಪತ್ರೆ ಬೇರೆ. ಆ ವ್ಯತ್ಯಾಸ ನಮಗೆ ಸರಿಯಾಗಿ ಅರ್ಥವಾಗಬೇಕು.

ಮಂಗಳೂರಿನದನ್ನೇ ನೋಡಿ. ವೆನ್ಲಾಕ್ ಶುರುವಾಗಿದ್ದು 1848ರಲ್ಲಿ. ಅದಕ್ಕೆ ಆ ಹೆಸರು ಬಂದಿದ್ದು 1891ರಿಂದ 1896ರ ವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್ ಅವರಿಂದ. ಹತ್ತಿರದಲ್ಲೇ ಇರುವ ಹೆರಿಗೆ ಆಸ್ಪತ್ರೆ ಲೇಡಿಗೋಷನ್. ಅದರ ಹೆಸರೂ ಮದ್ರಾಸಿನ ಗವರ್ನರ್ ಒಬ್ಬರ ಹೆಂಡತಿಯದು. ಆ ಕಾಲದಲ್ಲಿ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ, ದಕ್ಷಿಣ ಕನ್ನಡ. ಎರಡಕ್ಕೂ ಮದ್ರಾಸೇ ರಾಜಧಾನಿ. ಆಮೇಲೆ 1956ರ ನವೆಂಬರ್ 1ರಂದು ಗೆರೆ ಎಳೆದರು. ಕಾಸರಗೋಡು ಕೇರಳಕ್ಕೆ ಹೋಯಿತು, ವೆನ್ಲಾಕ್ ಆಚೆ ಉಳಿಯಿತು. ಅಜ್ಜಿಯಂದಿರಿಗೆ ಮಾತ್ರ ಆ ಗೆರೆ ಕಾಣಲೇ ಇಲ್ಲ. ಹೆರಿಗೆ ಕಷ್ಟವಾದರೆ ಲೇಡಿಗೋಷನ್, ಮರದಿಂದ ಬಿದ್ದರೆ ವೆನ್ಲಾಕ್. ನಮ್ಮ ಊರಿನ ಎಷ್ಟೋ ಜನ ಹುಟ್ಟಿದ್ದು ಇನ್ನೊಂದು ರಾಜ್ಯದಲ್ಲಿ.

ವೆನ್ಲಾಕ್ ದೊಡ್ಡದಾಗಿದ್ದಕ್ಕೆ ಇನ್ನೊಂದು ಕಾರಣ ಉಂಟು. 1953ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ವಿದ್ಯಾರ್ಥಿಗಳಿಗೆ ಪಾಠ ಹೇಳುವುದಕ್ಕೆ ರೋಗಿಗಳು ಬೇಕಿತ್ತು. ಸರಕಾರಿ ಆಸ್ಪತ್ರೆಗೆ ಡಾಕ್ಟರುಗಳು ಬೇಕಿತ್ತು. ಹಾಗಾಗಿ 1950ರ ದಶಕದಲ್ಲೇ ಕಾಲೇಜಿಗೂ ವೆನ್ಲಾಕ್‌ಗೂ ನಂಟು ಬೆಳೆಯಿತು. ಕಟ್ಟಡ, ಹಾಸಿಗೆ ಸರಕಾರದ್ದು. ಕಾಲೇಜಿನ ಪ್ರೊಫೆಸರುಗಳು, ಸ್ನಾತಕೋತ್ತರ ವಿದ್ಯಾರ್ಥಿಗಳು, ಓದು ಮುಗಿಸಿ ಒಂದು ವರ್ಷದ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು ಅಲ್ಲಿ ರೋಗಿ ನೋಡುತ್ತಾರೆ. ಲೇಡಿಗೋಷನ್‌ನಲ್ಲೂ ಹೀಗೇ. ಕಾಸರಗೋಡು ಮಾತ್ರವಲ್ಲ, ಕೊಡಗು, ಚಿಕ್ಕಮಗಳೂರು, ಹಾಸನ, ಉತ್ತರ ಕನ್ನಡದ ರೋಗಿಗಳೂ ಅಲ್ಲಿಗೆ ಬರುತ್ತಾರೆ. ಕೊರತೆ ಇಲ್ಲವೆಂದಲ್ಲ. ನೆಲದ ಮೇಲೆ ಚಾಪೆ ಹಾಕಿ ಮಲಗಿದ ರೋಗಿಗಳನ್ನು ನಾನೇ ಕಂಡಿದ್ದೇನೆ. ಆದರೆ ನಡುರಾತ್ರಿ 2 ಗಂಟೆಗೆ ಹೋದರೂ ಅಲ್ಲಿ ಎದ್ದು ಬರುವ ಡಾಕ್ಟರ್ ಒಬ್ಬರು ಇದ್ದೇ ಇರುತ್ತಾರೆ.

ಬೋಧನಾ ಆಸ್ಪತ್ರೆಯ ಗುಟ್ಟೇ ಇದು. ಮಾಮೂಲಿ ಸರಕಾರಿ ಆಸ್ಪತ್ರೆಯಲ್ಲಿ ಒಂದು ವಿಭಾಗಕ್ಕೆ ಒಬ್ಬರೋ ಇಬ್ಬರೋ ತಜ್ಞರು. ಅವರು ರಜೆ ಹಾಕಿದರೆ ವಿಭಾಗಕ್ಕೇ ರಜೆ. ಬೋಧನಾ ಆಸ್ಪತ್ರೆ ಓಡುವುದು ಯೂನಿಟ್‌ಗಳ ಮೇಲೆ. ಒಂದು ಯೂನಿಟ್ ಅಂದರೆ ಪ್ರೊಫೆಸರ್, ಅವರ ಕೆಳಗೆ ಸಹಾಯಕ ಪ್ರಾಧ್ಯಾಪಕರು, ಅವರ ಕೆಳಗೆ ರೆಸಿಡೆಂಟ್‌ಗಳು, ಎಲ್ಲರಿಗಿಂತ ಕೆಳಗೆ ಹೌಸ್ ಸರ್ಜನ್. ಪ್ರತಿ ಯೂನಿಟ್‌ಗೂ ವಾರದಲ್ಲಿ ಅಡ್ಮಿಷನ್ ದಿನ ಅಂತ ಇರುತ್ತದೆ. ಆ ದಿನ ಬಂದ ರೋಗಿ ಆ ಯೂನಿಟ್‌ನ ಜವಾಬ್ದಾರಿ. ರಕ್ತ ತೆಗೆಯುವವನು, ಡ್ರಿಪ್ ನೋಡುವವಳು, ರಿಪೋರ್ಟ್ ತರಲು ಲ್ಯಾಬಿಗೆ ಓಡುವವನು, ಎಲ್ಲರೂ 23-24ರ ಹುಡುಗ ಹುಡುಗಿಯರು. ಬೆಳಿಗ್ಗೆ ರೌಂಡ್ಸ್‌ನಲ್ಲಿ ಪ್ರೊಫೆಸರ್ ಕೇಳಿದಾಗ ಅವರು ಉತ್ತರ ಹೇಳಬೇಕು. ಯಾಕೆ ಜ್ವರ ಬಂತು, ಯಾವಾಗಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ? ಉತ್ತರ ಹೇಳಬೇಕಾದ್ದರಿಂದ ಅವರು ರೋಗಿಯ ಹತ್ತಿರ ಕೂತು ಕೇಳುತ್ತಾರೆ. ಬಡವನಿಗೆ ಡಾಕ್ಟರ್ ಒಬ್ಬರು ಅರ್ಧ ಗಂಟೆ ಕೊಡುವ ಜಾಗ ನಮ್ಮಲ್ಲಿ ಬಹುಶಃ ಇದೊಂದೇ.

ಈಗ ಉಕ್ಕಿನಡ್ಕಕ್ಕೆ ಬನ್ನಿ. ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲಕ್ಕೆ ಮುಂಚೆ ಸಿಗುವ ಊರು. ಕೆಂಪು ಮುರಕಲ್ಲಿನ ಗುಡ್ಡ, ಗೇರು ಮರ, ನಡುವೆ ದೊಡ್ಡ ಕಟ್ಟಡ. 2020ರ ಏಪ್ರಿಲ್‌ನಲ್ಲಿ ಆ ಕಾಲೇಜು ಬ್ಲಾಕನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ತಿರುವನಂತಪುರ ಮೆಡಿಕಲ್ ಕಾಲೇಜಿನಿಂದ ಡಾಕ್ಟರುಗಳು, ನರ್ಸ್‌ಗಳು ಬಸ್ಸಿನಲ್ಲಿ ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದು ಕೆಲಸ ಮಾಡಿದರು. ಅವರ ಉಪಕಾರವನ್ನು ಈ ಜಿಲ್ಲೆ ಮರೆಯಬಾರದು. ಆದರೆ ನೋಡಿ, ನಮ್ಮ ಕಟ್ಟಡಕ್ಕೆ ಜೀವ ತುಂಬಲು 500 ಕಿಲೋಮೀಟರ್‌ಗೂ ಜಾಸ್ತಿ ದೂರದಿಂದ ಜನ ಬರಬೇಕಾಯಿತು. ಅವರು ವಾಪಸ್ ಹೋದ ಮೇಲೆ ಮತ್ತೆ ಮೊದಲಿನ ಹಾಗೆಯೇ. ಹೊರರೋಗಿ ವಿಭಾಗ ತೆರೆದದ್ದು 2022ರ ಜನವರಿಯಲ್ಲಿ. ಒಳರೋಗಿಗಳಿಗಾಗಿ ಕಟ್ಟುತ್ತಿದ್ದ ಆಸ್ಪತ್ರೆ ಬ್ಲಾಕ್ ಮಾತ್ರ ವರ್ಷಗಟ್ಟಲೆ ಎಳೆಯಿತು.

ಅದೇ 2013ರಲ್ಲಿ ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲೂ ಮೆಡಿಕಲ್ ಕಾಲೇಜು ಬಂತು. ಆದರೆ ಅಲ್ಲಿ ಇದ್ದ ಜನರಲ್ ಆಸ್ಪತ್ರೆಯನ್ನೇ ಮೇಲ್ದರ್ಜೆಗೆ ಏರಿಸಿದರು. ಹಾಸಿಗೆ ಇತ್ತು, ರೋಗಿ ಇದ್ದರು, ಪಾಠ ಶುರುವಾಯಿತು. ನಮ್ಮಲ್ಲಿ ಖಾಲಿ ಗುಡ್ಡದಲ್ಲಿ ಮೊದಲು ಕಾಲೇಜು ಕಟ್ಟಿದರು, ಆಸ್ಪತ್ರೆ ಆಮೇಲೆ ಅಂದರು. ಮಂಜೇರಿಯ ದಾರಿಗೂ ತೊಂದರೆ ಉಂಟು, ಊರಿಗಿದ್ದ ಜನರಲ್ ಆಸ್ಪತ್ರೆ ಕೈಬಿಟ್ಟು ಹೋಯಿತು ಅಂತ ಅಲ್ಲಿಯ ಜನ ಹೇಳುತ್ತಾರೆ. ಆದರೂ ನನ್ನ ಲೆಕ್ಕದಲ್ಲಿ ನಮ್ಮ 12 ವರ್ಷ ಕಳೆದುಹೋದದ್ದು ಈ ಒಂದು ತೀರ್ಮಾನದಿಂದಲೇ. ಮೆಡಿಕಲ್ ಕಾಲೇಜನ್ನು ಹಾಸಿಗೆಯ ಸುತ್ತ ಕಟ್ಟಬೇಕು. ತರಗತಿಯ ಸುತ್ತ ಕಟ್ಟಿದರೆ ಅದು ಬರೀ ಕಟ್ಟಡವಾಗಿ ನಿಲ್ಲುತ್ತದೆ.

ವೈದ್ಯಕೀಯ ಆಯೋಗದ 2023ರ ನಿಯಮ ಈ ವಿಷಯದಲ್ಲಿ ಸ್ಪಷ್ಟ. 50 ಸೀಟಿಗೆ ಕನಿಷ್ಠ 220 ಹಾಸಿಗೆ ಬೇಕು. 100 ಸೀಟಿಗೆ 420, 150 ಸೀಟಿಗೆ 605. ಹಾಸಿಗೆ ಇದ್ದರೆ ಸಾಲದು, ಹೆಚ್ಚಿನವು ರೋಗಿಗಳಿಂದ ತುಂಬಿರಬೇಕು. ಉಕ್ಕಿನಡ್ಕದಲ್ಲೇ ಅಷ್ಟು ಹಾಸಿಗೆ ತುಂಬುವ ತನಕ ಕಾಸರಗೋಡು ಪೇಟೆಯ ಜನರಲ್ ಆಸ್ಪತ್ರೆಯನ್ನು ನೆಚ್ಚಿಕೊಳ್ಳದೆ ಬೇರೆ ದಾರಿ ಇಲ್ಲ. ಎರಡರ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ.

ಇನ್ನೊಂದು ಲೆಕ್ಕವನ್ನು ಯಾರೂ ಹೇಳುತ್ತಿಲ್ಲ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಹೌಸ್ ಸರ್ಜನ್ಸಿ. 2025ರಲ್ಲಿ ಸೇರಿದ ಮಕ್ಕಳು ವಾರ್ಡಿನಲ್ಲಿ ರಾತ್ರಿ ಡ್ಯೂಟಿ ಮಾಡುವ ಹೊತ್ತಿಗೆ 2030 ಆಗಿರುತ್ತದೆ. ಆ ತನಕ ನಾನು ಮೇಲೆ ಹೇಳಿದ ಆ ಕೆಳಗಿನ ಸಾಲು, ರಾತ್ರಿ ಎದ್ದಿರುವ ಸಾಲು, ಇಲ್ಲಿ ಇರುವುದಿಲ್ಲ. ಹಾಗಾದರೆ ಈ ಐದು ವರ್ಷ ರಾತ್ರಿ ಯಾರು ಎದ್ದಿರುತ್ತಾರೆ? ಸರಕಾರ ಜೂನಿಯರ್ ರೆಸಿಡೆಂಟ್ ಹುದ್ದೆಗಳನ್ನು ಬೇಕಾದಷ್ಟು ಸೃಷ್ಟಿಸಿ ತುಂಬಬೇಕು. ಇಲ್ಲವಾದರೆ ಬೋರ್ಡಿನಲ್ಲಿ ಮೆಡಿಕಲ್ ಕಾಲೇಜು ಅಂತ ಇರುತ್ತದೆ, ರಾತ್ರಿ ಮಾತ್ರ ಅದೇ ಹಳೆಯ ಮಾತು: ಕುಡ್ಲಕ್ಕೆ ಕೊಂಡೋಗಿ.

ಡಾಕ್ಟರುಗಳು ಇಲ್ಲಿ ನಿಲ್ಲುವುದಿಲ್ಲ ಅನ್ನುವುದು ಹಳೆಯ ದೂರು. ದಕ್ಷಿಣ ಕೇರಳದವರಿಗೆ ಕಾಸರಗೋಡಿಗೆ ವರ್ಗವಾಯಿತು ಅಂದರೆ ಶಿಕ್ಷೆ ಸಿಕ್ಕಿದ ಹಾಗೆ. ಬಂದ ದಿನದಿಂದಲೇ ವಾಪಸ್ ಹೋಗುವ ಅರ್ಜಿ ಬರೆಯುತ್ತಾರೆ. ನಾನು ಅವರನ್ನು ಬೈಯುವುದಿಲ್ಲ. ಮನೆಯವರನ್ನು ಬಿಟ್ಟು, ರಾತ್ರಿ ರೈಲಿನಲ್ಲಿ ಓಡಾಡುತ್ತಾ, ಕ್ವಾರ್ಟರ್ಸ್ ಇಲ್ಲದ ಗುಡ್ಡದಲ್ಲಿ ಯಾರು ತಾನೇ ಇರುತ್ತಾರೆ? ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಇಲ್ಲಿ ಇಂತಿಷ್ಟು ವರ್ಷ ದುಡಿದರೆ ಮುಂದೆ ಕೇಳಿದ ಊರು ಅನ್ನುವ ಭರವಸೆ, ಇಷ್ಟಾದರೂ ಬೇಡವಾ? ಈ ಜಿಲ್ಲೆಯ ಹಳ್ಳಿಗಳ ಮಕ್ಕಳು ಅಲ್ಲೇ ಓದಿ ಅಲ್ಲೇ ಕೆಲಸಕ್ಕೆ ಸೇರುವ ದಿನ ಬಂದರೆ ಈ ತೊಂದರೆ ತಾನಾಗಿ ಕಡಿಮೆಯಾಗುತ್ತದೆ. ಅದಕ್ಕೇ ಈ 50 ಸೀಟು ಮುಖ್ಯ.

ಎಂಡೋಸಲ್ಫಾನ್ ಮಾತು ಎತ್ತದೆ ಕಾಸರಗೋಡಿನ ಆಸ್ಪತ್ರೆಯ ಬಗ್ಗೆ ಬರೆಯಲು ನನ್ನಿಂದಾಗದು. 1970ರ ದಶಕದ ಕೊನೆಯಿಂದ 2000ದ ತನಕ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಈ ಕೀಟನಾಶಕ ಸುರಿದರು. ಉಕ್ಕಿನಡ್ಕದ ಪಕ್ಕದ ಎಣ್ಮಕಜೆ ಪಂಚಾಯತ್‌ನ ಪಡ್ರೆ ಗ್ರಾಮ ಅದರಲ್ಲಿ ಬೆಂದುಹೋದ ಊರುಗಳಲ್ಲಿ ಒಂದು. ಅಲ್ಲಿಯ ಸ್ವರ್ಗ ಎಂಬ ಜಾಗದಲ್ಲಿ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್ ಒಂದು ಸಣ್ಣ ಕ್ಲಿನಿಕ್ ನಡೆಸುತ್ತಿದ್ದರು. ಒಂದೇ ಹಳ್ಳಿಯಲ್ಲಿ ಇಷ್ಟೊಂದು ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕೆ ಅಂತ ಮೊದಲು ಕೇಳಿಕೊಂಡವರು ಅವರು. ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದು ಲೋಕಕ್ಕೆ ತಿಳಿಸಿದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಮಕ್ಕಳನ್ನು ಪರೀಕ್ಷಿಸಿದರು. ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ತಡೆದದ್ದು 2011ರ ಮೇ ತಿಂಗಳಲ್ಲಿ.

ಒಬ್ಬ ಹಳ್ಳಿ ಡಾಕ್ಟರ್, ಒಬ್ಬ ಪತ್ರಕರ್ತ. ಇವರು ಮಾಡಿದ್ದು ಒಂದು ಮೆಡಿಕಲ್ ಕಾಲೇಜು ಮಾಡಬೇಕಿದ್ದ ಕೆಲಸ. 1980ರ ದಶಕದಲ್ಲಿ ಈ ಜಿಲ್ಲೆಯಲ್ಲಿ ಒಂದು ಬೋಧನಾ ಆಸ್ಪತ್ರೆ ಇದ್ದಿದ್ದರೆ ಮಕ್ಕಳ ವಿಭಾಗದ ರೌಂಡ್ಸ್‌ನಲ್ಲಿ ಯಾರಾದರೂ ಒಬ್ಬರು ಕೇಳುತ್ತಿದ್ದರು, ಈ ತಿಂಗಳ ನಾಲ್ಕು ಮಕ್ಕಳೂ ಒಂದೇ ತೋಡಿನ ನೀರು ಕುಡಿದವರಾ ಅಂತ. ಅಂಥ ಪ್ರಶ್ನೆ ಕೇಳುವ ಜಾಗ ನಮಗಿರಲಿಲ್ಲ. ರೋಗಿಗಳು ಮಂಗಳೂರು, ಮಣಿಪಾಲ, ಕೋಝಿಕ್ಕೋಡ್, ತಿರುವನಂತಪುರ ಅಂತ ಚದುರಿಹೋದರು. ಚದುರಿದ ರೋಗಿಗಳಲ್ಲಿ ಒಂದು ಊರಿನ ಕಾಯಿಲೆ ಯಾರಿಗೂ ಕಾಣುವುದಿಲ್ಲ. ಇಷ್ಟೆಲ್ಲ ಆದ ಮೇಲೂ ನರರೋಗದಿಂದ ನರಳುವ ಮಕ್ಕಳ ಈ ಜಿಲ್ಲೆಯಲ್ಲಿ ಸರಕಾರಿ ನರರೋಗ ತಜ್ಞರಿಲ್ಲದೆ ಎಷ್ಟೋ ವರ್ಷ ಕಳೆಯಿತು. 2022ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ಅವರು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಉಪವಾಸ ಕೂತದ್ದು ಇದಕ್ಕೇ. ಕಾಸರಗೋಡಿಗೆ ಏಮ್ಸ್ ಬೇಕು, ಇಲ್ಲಿನ ಆಸ್ಪತ್ರೆಗಳು ಸರಿಯಾಗಬೇಕು ಅಂತ 80 ದಾಟಿದ ಹೆಂಗಸು ಅನ್ನ ಬಿಟ್ಟು ಕೂರಬೇಕಾಯಿತು.

ಇನ್ನು ಭಾಷೆ. ನನ್ನ ದೊಡ್ಡಮ್ಮನ ಕಥೆ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಒಂದು ಸಂಜೆ ಅವರನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಮುಖವೆಲ್ಲ ಬೆವರು. ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿ ಪಾಪ ಒಳ್ಳೆಯವಳೇ, ತೆಂಕಣ ಜಿಲ್ಲೆಯವಳು. ಏನಾಗ್ತಿದೆ ಅಂತ ಮಲಯಾಳದಲ್ಲಿ ಕೇಳಿದಳು. ದೊಡ್ಡಮ್ಮ ಎದೆಯ ಕೆಳಗೆ ಕೈಯಿಟ್ಟು 'ಸಂಕಟ ಆಗ್ತಾ ಉಂಟು' ಅಂದರು. ಮಲಯಾಳದಲ್ಲಿ ಸಂಕಟ ಅಂದರೆ ದುಃಖ. ಹುಡುಗಿ ದೊಡ್ಡಮ್ಮನ ಕೈ ಹಿಡಿದು, ಸಂಕಟ ಪಡಬೇಡಿ ಅಮ್ಮ, ಮನೆಯಲ್ಲಿ ಏನಾದರೂ ಬೇಜಾರಾ ಅಂತ ಸಮಾಧಾನ ಮಾಡಿದಳು. ಬಿ.ಪಿ. ನೋಡಿ ಬೆಂಚಿನ ಮೇಲೆ ಕೂರಿಸಿದಳು. ನಾನು ಆಗ ಚೀಟಿ ಮಾಡಿಸುವ ಸಾಲಿನಲ್ಲಿದ್ದೆ. ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಮಾತು ಕೇಳಿಸಿಕೊಂಡು ಓಡಿಬಂದಳು. ಅವಳು ತುಳು ಮನೆಯವಳು. ದುಃಖ ಅಲ್ಲ ಡಾಕ್ಟ್ರೇ, ಒಳಗೆ ಹಿಂಡಿದ ಹಾಗೆ ಆಗ್ತಿದೆ ಅಂತ ಹೇಳ್ತಿದ್ದಾರೆ ಅಂದಳು. ಆಮೇಲೆ ಇಸಿಜಿ ತೆಗೆದರು. ಹೃದಯಾಘಾತವಾಗಿತ್ತು.

ಅದರ ತಪ್ಪು ಆ ಹುಡುಗಿಯದ್ದು ಅಂತ ನಾನು ಹೇಳುವುದಿಲ್ಲ. ಅವಳು ಕೇಳಿದಳು, ಕೇಳಿಸಿದ್ದು ಬೇರೆ. ವೈದ್ಯವಿದ್ಯೆಯಲ್ಲಿ ಮೊದಲ ಪಾಠವೇ ರೋಗಿಯ ಮಾತು ಕೇಳಿ ಬರೆದುಕೊಳ್ಳುವುದು. ಕಾಸರಗೋಡನ್ನು ನಾವು ಸಪ್ತಭಾಷಾ ಸಂಗಮ ಅಂತ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಟಿ, ಬ್ಯಾರಿ, ಉರ್ದು ಎಲ್ಲ ಇಲ್ಲಿ ಉಂಟು. ನೋವು ಬಂದಾಗ ಮನುಷ್ಯ ಮನೆಮಾತಿನಲ್ಲೇ ನರಳುತ್ತಾನೆ, ಅಲ್ವಾ? 'ಎದೆ ಉರಿ' ಬೇರೆ, 'ಎದೆ ನೋವು' ಬೇರೆ, 'ಉಬ್ಬಸ' ಬೇರೆ, 'ಜುಂ ಅನ್ನುವುದು' ಬೇರೆ. ಒಂದೊಂದಕ್ಕೂ ಔಷಧಿ ಬೇರೆ.

ಇದಕ್ಕೆ ಹೊಸ ಕಾನೂನು ಏನೂ ಬೇಡ. 2019ರಿಂದ ಬಂದ ಹೊಸ ಪಠ್ಯಕ್ರಮದಲ್ಲಿ ಎಂಬಿಬಿಎಸ್ ಮಕ್ಕಳಿಗೆ ಶುರುವಿನಲ್ಲಿ ಫೌಂಡೇಶನ್ ಕೋರ್ಸ್ ಉಂಟು. ಅದರಲ್ಲಿ ಸ್ಥಳೀಯ ಭಾಷೆ ಕಲಿಸಬೇಕು ಅಂತಲೂ ಉಂಟು. ಮಂಗಳೂರು, ಮಣಿಪಾಲದಲ್ಲಿ ಉತ್ತರ ಭಾರತದ ಮಕ್ಕಳು, ಕೇರಳದ ಮಕ್ಕಳು 'ಎಲ್ಲಿ ನೋವು, ಎಷ್ಟು ದಿನದಿಂದ' ಅಂತ ಕನ್ನಡ ಕಲಿತೇ ವಾರ್ಡಿಗೆ ಬರುತ್ತಾರೆ. ಉಕ್ಕಿನಡ್ಕದಲ್ಲಿ ಸ್ಥಳೀಯ ಭಾಷೆ ಅಂದರೆ ಮಲಯಾಳ ಒಂದೇ ಅಂತ ಬರೆದು ಮುಗಿಸಬಾರದು. ಬದಿಯಡ್ಕ, ಎಣ್ಮಕಜೆ, ಪೈವಳಿಕೆ, ಪುತ್ತಿಗೆಯಲ್ಲಿ ಸ್ಥಳೀಯ ಭಾಷೆ ಅಂದರೆ ಕನ್ನಡ, ತುಳು. ಇಲ್ಲಿ ಕನ್ನಡ ಕಲಿಸಬಲ್ಲ ಮೇಷ್ಟ್ರುಗಳು ಊರಿಗೊಬ್ಬರು ಸಿಗುತ್ತಾರೆ, ನಿವೃತ್ತರಾದವರು ಸಂಬಳ ಕೇಳದೆಯೂ ಬಂದಾರು. ಅದೇ ರೀತಿ ಮಕ್ಕಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಬೇಕೆಂಬ ನಿಯಮವೂ ಆಯೋಗದ್ದೇ. 50 ಮಕ್ಕಳು ಪಡ್ರೆ, ಸ್ವರ್ಗದ ಮನೆಗಳ ಜಗಲಿಯಲ್ಲಿ ಕೂತು, ಅಲ್ಲಿಯ ತಾಯಂದಿರ ಹತ್ತಿರ ತುಳುವಿನಲ್ಲೋ ಕನ್ನಡದಲ್ಲೋ ನಾಲ್ಕು ಮಾತಾಡುವುದನ್ನು ನಾನು ನೆನೆಸಿಕೊಳ್ಳುತ್ತೇನೆ. ಅಂಥ ಮನೆಗಳನ್ನೇ ಆರಿಸಿಕೊಡಿ ಅಂತ ಪಂಚಾಯತ್‌ನವರು ಈಗಲೇ ಕಾಲೇಜಿಗೆ ಬರೆಯಬೇಕು.

ಅಲ್ಲಿಯ ತನಕ ಮಂಗಳೂರೇ ಗತಿ. ಆ ದಾರಿ ಎಷ್ಟು ತೆಳುವಾದ್ದು ಅಂತ 2020ರ ಮಾರ್ಚ್‌ನಲ್ಲಿ ಗೊತ್ತಾಯಿತು. ಲಾಕ್‌ಡೌನ್ ಹೊತ್ತಿಗೆ ಕರ್ನಾಟಕ ಸರಕಾರ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಡಯಾಲಿಸಿಸ್‌ಗೆ ಹೋಗುವವರು, ಹೃದಯದ ಕಾಯಿಲೆಯವರು ಆಂಬ್ಯುಲೆನ್ಸ್‌ನಲ್ಲೇ ವಾಪಸ್ ಬರಬೇಕಾಯಿತು. ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಿ ಅಂತ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆಮೇಲೆ ತುರ್ತು ರೋಗಿಗಳಿಗೆ ಮಾತ್ರ ದಾರಿ ಬಿಟ್ಟರು. ಮರುವರ್ಷ ಆಗಸ್ಟ್‌ನಲ್ಲಿ ಮತ್ತೆ ಆರ್‌ಟಿಪಿಸಿಆರ್ ಕೇಳಿ ನಿಲ್ಲಿಸಿದರು. ಕಾಯಿಲೆ ಹರಡುವ ಭಯ ಅವರಿಗಿತ್ತು, ಒಪ್ಪುತ್ತೇನೆ. ಆದರೆ ವೆನ್ಲಾಕ್ ನಮಗೆ ಪರವೂರಿನ ಆಸ್ಪತ್ರೆ ಅನ್ನುವ ಲೆಕ್ಕ ನಮ್ಮ ತಲೆಯಲ್ಲಿ ಅಲ್ಲಿಯ ತನಕ ಇರಲೇ ಇಲ್ಲ. ಕನ್ನಡದವರೇ ಕನ್ನಡದವರಿಗೆ ಬಾಗಿಲು ಹಾಕಿದರಲ್ಲ ಅನ್ನುವ ನೋವು ಇಲ್ಲಿ ಇನ್ನೂ ಆರಿಲ್ಲ.

ಆ ಗಾಬರಿಯಲ್ಲೇ ತೆಕ್ಕಿಲ್‌ನಲ್ಲಿ ಟಾಟಾದವರು ಕಂಟೇನರ್‌ಗಳಿಂದ 500ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಕಟ್ಟಿಕೊಟ್ಟರು. 2020ರ ಸೆಪ್ಟೆಂಬರ್‌ನಲ್ಲಿ ಅದು ಸರಕಾರದ ಕೈಗೆ ಬಂತು. ಕೋವಿಡ್ ಇಳಿದಂತೆ ಅದೂ ಖಾಲಿಯಾಯಿತು.

ಗಡಿಯ ಇನ್ನೊಂದು ತೊಡಕು ಕಾರ್ಡಿನದ್ದು. ನಮ್ಮದು ಕೇರಳದ ರೇಷನ್ ಕಾರ್ಡ್, ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್. ಆಚೆಯದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಎರಡೂ ಕೇಂದ್ರದ ಆಯುಷ್ಮಾನ್ ಯೋಜನೆಗೆ ಹೊಂದಿಕೊಂಡವು. ಆಯುಷ್ಮಾನ್‌ನಲ್ಲಿ ಒಂದು ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಉಂಟು, ಬೇರೆ ರಾಜ್ಯದಲ್ಲೂ ನಡೆಯುತ್ತದೆ ಅಂತ ಹೇಳುತ್ತಾರೆ. ಆದರೆ ಕೇಂದ್ರದ ಪಟ್ಟಿಯಲ್ಲಿ ಇರುವ ಮನೆಗಳಿಗೆ ಒಂದು ಲೆಕ್ಕ, ರಾಜ್ಯ ತಾನೇ ಹಣ ಕೊಟ್ಟು ಸೇರಿಸಿದ ಮನೆಗಳಿಗೆ ಇನ್ನೊಂದು ಲೆಕ್ಕ. ನನ್ನದು ಯಾವ ಪಟ್ಟಿ ಅಂತ ರೋಗಿಗೆ ಗೊತ್ತಾಗುವುದು ಕೌಂಟರ್ ಎದುರು ನಿಂತಾಗಲೇ. ಮಂಗಳೂರಿನ ಸರಕಾರಿ ಬೋಧನಾ ಆಸ್ಪತ್ರೆಗಳಲ್ಲಿ ಕಾಸರಗೋಡಿನ ಕಾರ್ಡ್ ತಕರಾರಿಲ್ಲದೆ ನಡೆಯಬೇಕು, ಖರ್ಚನ್ನು ಕೇರಳ ಕರ್ನಾಟಕಕ್ಕೆ ಕೊಡಬೇಕು. ಆಂಬ್ಯುಲೆನ್ಸ್‌ಗೆ ಯಾವ ಕಾಲದಲ್ಲೂ ಗಡಿ ಮುಚ್ಚುವುದಿಲ್ಲ ಅಂತ ಎರಡೂ ರಾಜ್ಯ ಬರೆದು ಸಹಿ ಹಾಕಬೇಕು. ಇದು ಎರಡು ಆರೋಗ್ಯ ಇಲಾಖೆಗಳು ಒಂದು ಮೇಜಿನ ಸುತ್ತ ಕೂತು ಮುಗಿಸಬಹುದಾದ ಕೆಲಸ. ಬರುವ ಚುನಾವಣೆಯಲ್ಲಿ ಮತ ಕೇಳಲು ಬಂದವರ ಹತ್ತಿರ ನಾನು ಕೇಳುವುದು ಎರಡೇ ಪ್ರಶ್ನೆ: ಈ ಒಪ್ಪಂದ ಎಲ್ಲಿಗೆ ಬಂತು? ಉಕ್ಕಿನಡ್ಕದಲ್ಲಿ ರಾತ್ರಿ 2 ಗಂಟೆಗೆ ಯಾರಿದ್ದಾರೆ?

ದೊಡ್ಡಮ್ಮನನ್ನು ಅಂದು ರಾತ್ರಿಯೇ ಮಂಗಳೂರಿಗೆ ಕೊಂಡುಹೋದೆವು, ಬದುಕಿದರು. ಮೂರು ತಿಂಗಳಿಗೊಮ್ಮೆ ತಪಾಸಣೆ. ಕಳೆದ ಸಲ ಬದಿಯಡ್ಕದ ಕಡೆ ನೆಂಟರ ಮನೆಗೆ ಹೋಗುವಾಗ ಬಸ್ಸು ಉಕ್ಕಿನಡ್ಕ ದಾಟಿತು. ಗೇಟಿನ ಹತ್ತಿರ ಬಿಳಿ ಕೋಟು ಕೈಯಲ್ಲಿ ಹಿಡಿದ ನಾಲ್ಕೈದು ಮಕ್ಕಳು ನಿಂತಿದ್ದರು. ದೊಡ್ಡಮ್ಮ ಕಿಟಕಿಯಿಂದ ತಿರುಗಿ ತಿರುಗಿ ನೋಡಿದರು. ಇವರಿಗೆಲ್ಲ ನಮ್ಮ ಮಾತು ಬರ್ತದಾ ಅಂತ ಕೇಳಿದರು.